ಕುದ್ರುವಿನಲ್ಲಿ ಸಾವಯವ ತರಕಾರಿ: ಉಪ್ಪುನೀರು, ನೆರೆ, ನವಿಲು, ಹಂದಿಗಳ ನಡುವೆ ಬೆಳೆಯ ಲೆಕ್ಕಾಚಾರ ಹೇಗೆ?

ಪ್ರಶ್ನೆ: ಕುದ್ರುಮನೆ

ಎಲ್ಲರಿಗೂ ನಮಸ್ಕಾರ. ಕುಂಬಳೆಯ ಹತ್ತಿರ, ಶಿರಿಯಾ ಹೊಳೆ ಕಡಲು ಸೇರುವ ಅಳಿವೆಗಿಂತ ಸ್ವಲ್ಪ ಮೇಲೆ, ನಮಗೆ ಪಾಲಿನಲ್ಲಿ ಬಂದ ಒಂದೂವರೆ ಎಕರೆಯಷ್ಟು ಕುದ್ರು (ಹೊಳೆಯ ನಡುವಿನ ದ್ವೀಪ) ಜಾಗವಿದೆ. ಹಳೆಯ ತೆಂಗಿನ ಮರಗಳ ನಡುವೆ ಸಾಕಷ್ಟು ಬಿಸಿಲು ಬೀಳುವ ಬಯಲಿದೆ. ಸುತ್ತಲೂ ಕಾಂಡ್ಲ (ಮ್ಯಾಂಗ್ರೋವ್) ಮತ್ತು ಮುಂಡುಗ (ಕೇದಗೆ ಜಾತಿಯ ಮುಳ್ಳುಪೊದೆ) ದಟ್ಟವಾಗಿ ಬೆಳೆದಿವೆ. ಪಡುವಣ ತುದಿಯಲ್ಲಿ ಬೇಸಗೆಯಲ್ಲಿ ಮಾತ್ರ ಮೇಲೇಳುವ ಒಂದು ಮರಳ ದಿಬ್ಬವಿದೆ. ದೋಣಿಯ ಹೊರತು ಬೇರೆ ದಾರಿಯಿಲ್ಲ. ಅಲ್ಲಿ ಯಾವುದೇ ರಾಸಾಯನಿಕ ಬಳಸದೆ ತರಕಾರಿ ಬೆಳೆದು ಕುಂಬಳೆ ಮತ್ತು ಕಾಸರಗೋಡಿನ ಕೆಲವು ಮನೆಗಳಿಗೆ ನೇರವಾಗಿ ಕೊಡಬೇಕೆಂಬುದು ನಮ್ಮ ಯೋಚನೆ.

ನನ್ನ ಸಂದೇಹಗಳು ಮುಖ್ಯವಾಗಿ ಮೂರು. ಕುದ್ರುವಿನ ಬಾವಿಯ ನೀರು ಶಿವರಾತ್ರಿಯ ಹೊತ್ತಿಗೆ ಸವಳಾಗತೊಡಗುತ್ತದೆ ಎನ್ನುತ್ತಾರೆ, ಹಾಗಾದರೆ ಯಾವ ಕಾಲಕ್ಕೆ ಯಾವ ತರಕಾರಿಯನ್ನು ನಂಬಬಹುದು? ನವಿಲು ಮತ್ತು ಕಾಡುಹಂದಿಗಳನ್ನು ಕೊಲ್ಲದೆ ಬೆಳೆ ಉಳಿಸಿಕೊಳ್ಳುವುದು ಹೇಗೆ? ಮೂರನೆಯದಾಗಿ, ಅಂಚಿನ ಕಾಂಡ್ಲ ಮತ್ತು ಮುಂಡುಗವನ್ನು ಪೂರ್ತಿ ಸವರಿದರೆ ಪ್ರಾಣಿಗಳಿಗೆ ಅಡಗುವ ಜಾಗವೇ ಇರುವುದಿಲ್ಲ ಎಂದು ನನ್ನ ಅಣ್ಣ ವಾದಿಸುತ್ತಿದ್ದಾರೆ, ಇದು ಸರಿಯೇ? ಹೊಳೆಬದಿಯಲ್ಲಿ ಕೃಷಿ ಮಾಡಿ ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಹೊಳೆಬದಿ

ಅಕ್ಕ, ನೀರಿನ ವಿಷಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕುದ್ರುವಿನಲ್ಲಿ ಬೆಳೆಯ ಪಂಚಾಂಗವನ್ನು ಬರೆಯುವುದು ಹೊಳೆ, ನಾವಲ್ಲ. ಗದ್ದೆಯವರಿಗೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿದ್ದಂತೆ ಕುದ್ರುವಿನ ತರಕಾರಿಗೂ ಮೂರು ಕಾಲಗಳಿವೆ, ಆದರೆ ಅವುಗಳ ಗಡಿಯನ್ನು ಮಳೆಯಷ್ಟೇ ಉಪ್ಪೂ ನಿರ್ಧರಿಸುತ್ತದೆ.

ಜೂನ್ ಮೊದಲ ವಾರದಲ್ಲಿ ಮುಂಗಾರು ಹಿಡಿದು ಹೊಳೆ ಕೆಂಪಾಗಿ ಹರಿಯತೊಡಗಿದ ಮೇಲೆ ಅಳಿವೆಯ ತನಕವೂ ಸಿಹಿನೀರೇ ಇರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಮರಳು ಮಿಶ್ರಿತ ಕುದ್ರು ಮಣ್ಣಿನಲ್ಲಿ ಬೇಸಗೆಯಲ್ಲಿ ಸೇರಿದ ಉಪ್ಪು ಕೆಲವೇ ವಾರಗಳಲ್ಲಿ ತೊಳೆದುಹೋಗುತ್ತದೆ. ಅದರೊಂದಿಗೆ ನೀವು ಹಾಕಿದ ಹಟ್ಟಿಗೊಬ್ಬರದ ಸಾರವೂ ತೊಳೆದುಹೋಗುತ್ತದೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಆದ್ದರಿಂದ ಗೊಬ್ಬರವನ್ನು ಒಮ್ಮೆಗೇ ಸುರಿಯದೆ ಎರಡು ಮೂರು ವಾರಗಳಿಗೊಮ್ಮೆ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಮೇಲೆ ತರಗೆಲೆ ಅಥವಾ ಸೊಪ್ಪನ್ನು ದಪ್ಪಗೆ ಹೊದೆಸಬೇಕು. ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ, ಬೆಂಡೆಗಳ ಬೀಜವನ್ನು ಮಳೆ ಹಿಡಿದ ಮೇಲೆ ಹಾಕಿದರೆ ಮೊಳಕೆ ಕೊಳೆಯುತ್ತದೆ. ಮೇ 24ರ ಸುಮಾರಿಗೆ ಬರುವ ಪತ್ತನಾಜೆಗಿಂತ ಮೊದಲೇ, ಎಂದರೆ ಮೇ ಮಧ್ಯದಲ್ಲಿ, ಎತ್ತರಿಸಿದ ಏರಿಯ ಮೇಲೆ ಬಿತ್ತಿದರೆ ಜಡಿಮಳೆ ಬರುವಾಗ ಗಿಡಕ್ಕೆ ಬೇರು ಬಿಟ್ಟಿರುತ್ತದೆ. ಜುಲೈ, ಆಗಸ್ಟ್ ತಿಂಗಳ ನೆರೆಗೆ ಸಿಗುವ ತಗ್ಗಿನಲ್ಲಿ ಕೆಸುವಿನಂತಹ ನೀರು ಸಹಿಸುವ ಬೆಳೆಯನ್ನು ಬಿಟ್ಟು ಬೇರೇನನ್ನೂ ಹಾಕಬೇಡಿ. ಅಲಸಂಡೆಯ ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಬಳ್ಳಿ ಹಳದಿಯಾಗಿ ಹೋಗುತ್ತದೆ. ನೆರೆ ಇಳಿದ ಮೇಲೆ ಉಳಿಯುವ ಮೆಕ್ಕಲು ಒಳ್ಳೆಯ ಗೊಬ್ಬರವೇ ಆದರೂ ಅದು ಒಣಗಿ ಹೆಪ್ಪುಗಟ್ಟಿದರೆ ಬೇರಿಗೆ ಗಾಳಿಯಾಡುವುದಿಲ್ಲ. ಅರೆ ಒಣಗಿದಾಗಲೇ ಕೈಯಿಂದ ಹಗುರವಾಗಿ ಬಿರಿಸಿಕೊಡಬೇಕು.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗುಮಳೆಯಿಂದ ಜನವರಿ ಕೊನೆಯವರೆಗಿನದ್ದು ನಿಮ್ಮ ನಿಜವಾದ ಸುಗ್ಗಿ. ಅಲಸಂಡೆ, ಬದನೆ, ಮೆಣಸು, ಟೊಮೇಟೊ, ಹರಿವೆ, ಮೂಲಂಗಿ ಎಲ್ಲವನ್ನೂ ಆಗಲೇ ತೆಗೆಯಬೇಕು.

ಫೆಬ್ರವರಿಯಿಂದ ಲೆಕ್ಕ ಬೇರೆಯಾಗುತ್ತದೆ. ಮೇಲಿನಿಂದ ಹರಿದು ಬರುವ ನೀರು ಕ್ಷೀಣಿಸಿದಾಗ ದಿನಕ್ಕೆ ಎರಡು ಸಲ ಬರುವ ಭರತದೊಂದಿಗೆ ಕಡಲ ನೀರು ಹೊಳೆಯೊಳಗೆ ಏರುತ್ತದೆ; ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇನ್ನೂ ಮೇಲಕ್ಕೆ. ಇದನ್ನು ತಡೆಯುವುದಕ್ಕೇ ಚಂದ್ರಗಿರಿ ಹೊಳೆಗೆ ಬಾವಿಕ್ಕರೆಯಲ್ಲಿ ಪ್ರತಿ ಬೇಸಗೆ ಮರಳಿನ ಚೀಲಗಳ ತಾತ್ಕಾಲಿಕ ಒಡ್ಡು ಕಟ್ಟುವ ಪದ್ಧತಿ ಎಷ್ಟೋ ವರ್ಷ ನಡೆದು, ಕೊನೆಗೆ ಶಾಶ್ವತ ತಡೆ ಅಣೆಕಟ್ಟು ಬಂದದ್ದು. ಮೇಲ್ಭಾಗದ ಏತಡ್ಕದಂತಹ ಊರುಗಳಲ್ಲಿ ಕಲ್ಲು, ಮಣ್ಣುಗಳಿಂದ ಕಟ್ಟ ಕಟ್ಟಿ ನೀರನ್ನು ನಿಲ್ಲಿಸುವಂತೆ ಅಳಿವೆಯ ಬಳಿ ನಿಲ್ಲಿಸಲಾಗದು. ನಿಮಗೆ ಇರುವುದು ಬಾವಿ ಮಾತ್ರ.

ಆ ಬಾವಿಯ ಗುಟ್ಟನ್ನು ತಿಳಿದುಕೊಳ್ಳಿ. ಕುದ್ರುವಿನ ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತ ನಿಂತಿರುತ್ತದೆ. ಸಾಂದ್ರತೆಯ ಲೆಕ್ಕದ ಪ್ರಕಾರ ಈ ಸಿಹಿನೀರಿನ ಮಟ್ಟ 1 ಅಡಿ ತಗ್ಗಿದರೆ ಕೆಳಗಿನ ಉಪ್ಪುನೀರಿನ ಗಡಿ ಸುಮಾರು 40 ಅಡಿಯಷ್ಟು ಮೇಲೇರಬಲ್ಲದು. ಆದ್ದರಿಂದ ಆಳವಾದ ಬಾವಿ ತೋಡಿ ದೊಡ್ಡ ಪಂಪು ಇಡುವುದೆಂದರೆ ಉಪ್ಪನ್ನು ಕೈಹಿಡಿದು ಕರೆತಂದಂತೆ. ಆಳವಿಲ್ಲದ ಎರಡು ಮೂರು ಗುಂಡಿಗಳನ್ನು ಕುದ್ರುವಿನ ನಟ್ಟನಡುವೆ ತೋಡಿ, ಸರದಿಯ ಮೇಲೆ ಒಂದೊಂದರಿಂದ ಸ್ವಲ್ಪವೇ ನೀರೆತ್ತಿ, ಬುಡಬುಡಕ್ಕೆ ಕೊಡಪಾನದಲ್ಲಿ ಹೊಯ್ಯುವ ಹಳೆಯ ಕ್ರಮವೇ ಅಲ್ಲಿಗೆ ಸರಿ. ನೀರಿನ ಲವಣಾಂಶವನ್ನು ಅಳೆಯುವ ಸಣ್ಣ ಮೀಟರೊಂದನ್ನು ಇಟ್ಟುಕೊಳ್ಳಿ, ನಾಲಿಗೆಯನ್ನು ನಂಬಬೇಡಿ. ಮಣ್ಣಿನ ಲವಣಾಂಶ 1 ಡೆಸಿಸೀಮನ್ಸ್/ಮೀಟರ್ (ಲವಣಾಂಶ ಅಳೆಯುವ ಮಾನ) ದಾಟುತ್ತಲೇ ಬೀನ್ಸ್‌ನ ಇಳುವರಿ ಕುಸಿಯತೊಡಗುತ್ತದೆ, ಬದನೆಯದ್ದೂ ಹೆಚ್ಚುಕಡಿಮೆ ಅಷ್ಟೇ, ಮುಳ್ಳುಸೌತೆ 2.5ರವರೆಗೆ ತಾಳುತ್ತದೆ. ಹಾಗಾಗಿ ಬೇಸಗೆಗೆ ಸಾಂಬಾರು ಸೌತೆ, ಕುಂಬಳ, ಹರಿವೆಗಳಿಗಿಂತ ಹೆಚ್ಚಿನ ಆಸೆ ಬೇಡ.

ಉತ್ತರ: ಮುಂಡುಗದ ಹಕ್ಕಿ

ಕಾಂಡ್ಲವನ್ನು ಸವರುವ ಮಾತಿಗೆ ಮಾತ್ರ ನಾನು ಉತ್ತರಿಸುತ್ತೇನೆ, ನಿಮ್ಮ ಅಣ್ಣನವರು ಬೇಸರಿಸಬಾರದು. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಕಾಂಡ್ಲವನವು ಅತ್ಯಂತ ಬಿಗಿಯಾದ ವರ್ಗದಲ್ಲಿದೆ, ಅದಕ್ಕೆ ಕೈಹಾಕುವ ಮೊದಲು ಕಾನೂನನ್ನು ವಿಚಾರಿಸಬೇಕು. ಕಾನೂನನ್ನು ಬದಿಗಿಟ್ಟು ನೋಡಿದರೂ, ಆ ಬೇರುಗಳು ಹಿಡಿದಿಟ್ಟ ಮಣ್ಣೇ ನಿಮ್ಮ ಕುದ್ರು. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ನೆರೆಯಲ್ಲಿ ಬರಿಯ ದಂಡೆ ಎಷ್ಟು ಕುಸಿಯುತ್ತದೆ ಎಂಬುದನ್ನು ನೋಡಿದವರು ಮತ್ತೆ ಕತ್ತಿ ಎತ್ತುವುದಿಲ್ಲ.

ಇನ್ನು ಅಲ್ಲಿ ಯಾರು ವಾಸಿಸುತ್ತಾರೆ ಎಂಬುದನ್ನು ಕಾಲಕ್ಕೆ ತಕ್ಕಂತೆ ನೋಡಿ. ಮೊದಲ ಮಳೆಗೆ ಗೂಂಕರು ಕಪ್ಪೆಗಳ ಗಂಡುಗಳು ಅಚ್ಚ ಹಳದಿಯಾಗಿ ತಗ್ಗಿನ ನೀರಿನಲ್ಲಿ ಸೇರುತ್ತವೆ. ಮಳೆಗಾಲದುದ್ದಕ್ಕೂ ನಿಮ್ಮ ಗಿಡಗಳ ಹುಳಗಳನ್ನು ತಿನ್ನುವವು ಅವು. ಹುಂಡುಕೋಳಿ ಆಗಲೇ ನೀರಂಚಿನ ಪೊದೆಯಲ್ಲಿ ಮರಿ ಮಾಡುತ್ತದೆ, ಅದರ ಕೂಗಿಗೆ ರಾತ್ರಿ ನಿದ್ದೆ ಬಾರದು, ಅಷ್ಟೇ ತೊಂದರೆ. ಮುಂಡುಗದ ನಡುವೆ ಗೂಡು ಕಟ್ಟುವ ಕೆಂಬೂತವು ಆಫ್ರಿಕನ್ ಬಸವನಹುಳುವನ್ನು ತಿನ್ನುವ ಕೆಲವೇ ಹಕ್ಕಿಗಳಲ್ಲಿ ಒಂದು. ಮುಂಡುಗ ಸವರಿದರೆ ಮೊದಲು ಹೋಗುವುದು ಕೆಂಬೂತ, ಆಮೇಲೆ ಬಸವನಹುಳುವನ್ನು ಹೆಕ್ಕುವ ಕೆಲಸ ಪೂರ್ತಿ ನಿಮ್ಮದೇ. ಸೆಪ್ಟೆಂಬರ್ ಕಳೆಯುತ್ತಲೇ ವಲಸೆಯ ಹಕ್ಕಿಗಳು ಬರತೊಡಗುತ್ತವೆ: ಬಾಲ ಕುಣಿಸುತ್ತ ಸಾಲಿನ ನಡುವೆ ಓಡಾಡುವ ಬೂದು ಸಿಪಿಲೆ, ನೀಲಿ ಬಾಲದ ಕಳ್ಳಿಪೀರ, ಅಕ್ಟೋಬರಿನಲ್ಲಿ ತರಗೆಲೆ ಕೆದಕುವ ನವರಂಗ. ಕಳ್ಳಿಪೀರ ಜೇನುನೊಣವನ್ನೂ ಹಿಡಿಯುತ್ತದೆ ಎಂಬುದು ನಿಜ, ಆದರೆ ಜೇನುಪೆಟ್ಟಿಗೆಯ ಎದುರು ತಂತಿ ಇಲ್ಲದಂತೆ ನೋಡಿಕೊಂಡರೆ ಅದು ಅಲ್ಲೇ ಬೀಡುಬಿಡುವುದಿಲ್ಲ. ನೀರುನಾಯಿಗಳು ನಿಮ್ಮ ತರಕಾರಿಯನ್ನು ಮುಟ್ಟುವುದಿಲ್ಲ. ದೋಣಿ ಕಟ್ಟುವ ಕಲ್ಲಿನ ಮೇಲೆ ಮೀನಿನ ಪೊರೆ, ಏಡಿಯ ಚಿಪ್ಪು ತುಂಬಿದ ಹಿಕ್ಕೆ ಕಂಡರೆ ಅವು ಇವೆಯೆಂದು ತಿಳಿಯಿರಿ.

ಪಡುವಣ ತುದಿಯ ಮರಳ ದಿಬ್ಬವನ್ನು ಬೇಸಗೆಯಲ್ಲಿ ಕಲ್ಲಂಗಡಿಗೆಂದು ಅಗೆಯುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಟಿಟ್ಟಿಭ ಹಕ್ಕಿ ಮೊಟ್ಟೆಯಿಡುವುದು ಅಂತಹ ಬಯಲಿನಲ್ಲೇ. 2023ರಲ್ಲಿ ನಮ್ಮ ಜಿಲ್ಲೆಯು ತನ್ನದೇ ಆದ ಮರ, ಹೂ, ಹಕ್ಕಿ ಮತ್ತು ಪ್ರಾಣಿಯನ್ನು ಘೋಷಿಸಿಕೊಂಡಾಗ ಕಾಸರಕದ ಮರ ಮತ್ತು ಬಿಳಿ ಹೊಟ್ಟೆಯ ಕಡಲ ಹದ್ದಿನ ಜೊತೆಗೆ ಕ್ಯಾಂಟರನ ದೈತ್ಯ ಮೃದುಚಿಪ್ಪಿನ ಆಮೆಯನ್ನೂ ಆರಿಸಿತು. ತೀರಾ ಅಳಿವಿನಂಚಿನಲ್ಲಿರುವ ಈ ಆಮೆ ಚಂದ್ರಗಿರಿ ಹೊಳೆಯಲ್ಲಿ ಇರುವುದೂ, ಅಲ್ಲಿ ಮೊಟ್ಟೆಯಿಡುವುದೂ ದಾಖಲಾಗಿದೆ. ಹೆಚ್ಚಿನ ಹೊತ್ತು ಮರಳಿನಲ್ಲಿ ಹೂತುಕೊಂಡೇ ಇರುವ ಪ್ರಾಣಿಯಾದ್ದರಿಂದ ಪಕ್ಕದಲ್ಲೇ ಇದ್ದರೂ ಯಾರಿಗೂ ಕಾಣದು. ಶಿರಿಯಾದಲ್ಲಿ ಅದು ಕಾಣಿಸಿದರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಕಾಣಿಸದಿದ್ದರೂ ದಿಬ್ಬವನ್ನು ಅದರ ಪಾಡಿಗೆ ಬಿಟ್ಟರೆ ನಿಮಗೆ ಹೋಗುವುದು ನಾಲ್ಕು ಕಲ್ಲಂಗಡಿ ಮಾತ್ರ.

ಉತ್ತರ: ಎಣ್ಮಕಜೆ ಕೃಷಿಕ

ಮೇಲಿನವರು ಹಕ್ಕಿಗಳ ಪಕ್ಷ ವಹಿಸಿ ಬರೆದಿದ್ದಾರೆ, ಸಂತೋಷ. ಆದರೆ ಬೆಳೆದು ಮಾರಬೇಕಾದವನ ಕಷ್ಟವನ್ನೂ ಒಂದಿಷ್ಟು ಹೇಳಬೇಕು. ಕಾಂಡ್ಲಕ್ಕೆ ಕೈಹಚ್ಚಬೇಡಿ ಎಂಬುದನ್ನು ಒಪ್ಪುತ್ತೇನೆ. ಆದರೆ ಮುಂಡುಗ ಮತ್ತು ಕುರುಚಲು ಪೊದೆ ತರಕಾರಿಯ ಏರಿಗೆ ತಾಗಿಕೊಂಡಿರುವಲ್ಲಿ ಎರಡು ಮಾರು ಅಗಲದ ಬಯಲು ಬಿಡಲೇಬೇಕು. ಹಂದಿಯಾಗಲಿ ಹೆಗ್ಗಣವಾಗಲಿ ಮರೆಯಿಂದ ನೇರವಾಗಿ ಬೆಳೆಗೆ ನುಗ್ಗುವುದಕ್ಕೂ ಬಯಲು ದಾಟಿ ಬರುವುದಕ್ಕೂ ವ್ಯತ್ಯಾಸವಿದೆ.

ಕುದ್ರುವಿಗೆ ಹಂದಿ ಬಾರದು ಎಂಬ ಭ್ರಮೆ ಬೇಡ, ಅದು ಚೆನ್ನಾಗಿ ಈಜುತ್ತದೆ. ಅದಕ್ಕೆ ಬೇಕಾದದ್ದು ಮರಗೆಣಸು, ಗೆಣಸು, ಸುವರ್ಣಗಡ್ಡೆ. ಇವುಗಳನ್ನು ಕುದ್ರುವಿನಲ್ಲಿ ಬೆಳೆಯದಿದ್ದರೆ ಅರ್ಧ ಕಾಟ ತಪ್ಪುತ್ತದೆ. ಹೀರೆ, ಹಾಗಲಕ್ಕಾಗಿ ಅದು ಹೊಳೆ ದಾಟಿ ಬರುವುದು ಅಪರೂಪ. ಕೇರಳ ಸರಕಾರವು 2022ರಲ್ಲಿ ಬೆಳೆ ಹಾಳುಮಾಡುವ ಹಂದಿಯನ್ನು ಪರವಾನಗಿಯುಳ್ಳ ಕೋವಿಯಿಂದ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿದೆಯಾದರೂ ವಿಷ, ಸ್ಫೋಟಕ, ವಿದ್ಯುತ್ ಹರಿಸಿ ಕೊಲ್ಲುವುದಕ್ಕೆ ಅವಕಾಶವಿಲ್ಲ. ನೀವು ಕೊಲ್ಲದೆ ನಿಭಾಯಿಸಬೇಕೆಂದಿರುವುದರಿಂದ ಬೇಲಿಯೇ ದಾರಿ.

ಬೇಲಿಗೆ ನಮ್ಮ ಕಡೆ ಎಲ್ಲರೂ ಮೀನುಗಾರರ ಹಳೆಯ ಬಲೆಯನ್ನು ತಂದು ಕಟ್ಟುತ್ತಾರೆ. ಅಗ್ಗ, ಹಗುರ, ದೋಣಿಯಲ್ಲಿ ಸಾಗಿಸಲು ಸುಲಭ. ಆದರೆ ನೆಲಕ್ಕೆ ತಾಗುವಂತೆ ಬಲೆ ಬಿಟ್ಟರೆ ಬೆಳಗ್ಗೆ ಅದರಲ್ಲಿ ಸಿಕ್ಕಿಕೊಂಡಿರುವುದು ಹಂದಿಯಲ್ಲ, ಕೇರೆ ಹಾವು. ನೈಲಾನ್ ಎಳೆ ಅದರ ಹುರುಪೆಯ ಅಡಿಗೆ ಸೇರಿ, ಬಿಡಿಸಿಕೊಳ್ಳಲು ಹೊರಳಿದಷ್ಟೂ ಬಿಗಿಯಾಗಿ, ಚರ್ಮ ಸೀಳಿ ಸಾಯುತ್ತದೆ. ಹೆಗ್ಗಣ ಹಿಡಿಯುವ ಹಾವನ್ನು ಕೊಂದು ಹೆಗ್ಗಣವನ್ನು ಸಾಕಿದ ಹಾಗೆ ಆಗುತ್ತದೆ. ಅದಕ್ಕಾಗಿ ಕೆಳಗಿನ ಎರಡು ಅಡಿಯವರೆಗೆ ಸೀಳಿದ ಅಡಕೆ ಮರದ ಸಲಾಕೆಗಳನ್ನು ಅಡ್ಡಕ್ಕೆ ಒತ್ತಾಗಿ ಕಟ್ಟಿ, ಬಲೆಯನ್ನು ಅದರ ಮೇಲ್ಭಾಗದಲ್ಲಿ ಮಾತ್ರ ಬಿಗಿದು ಎಳೆದು ಕಟ್ಟಿ. ಹಂದಿ ಮೂತಿಯಿಂದ ಎತ್ತಲಾರದು, ಹಾವು ಮತ್ತು ಉಡ ಸಲಾಕೆಯ ಸಂದಿನಲ್ಲಿ ಓಡಾಡುತ್ತವೆ.

ನವಿಲು ಮಾತ್ರ ಯಾವ ಬೇಲಿಗೂ ಬಗ್ಗದು. ನಮ್ಮ ಹಿರಿಯರ ಕಾಲದಲ್ಲಿ ಈ ಕಡೆ ಕಾಣದಿದ್ದ ಹಕ್ಕಿ ಈಗ ತೋಟ, ಗುಡ್ಡ ಎಲ್ಲೆಲ್ಲೂ ಇದೆ. 1972ರ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ, ಕಲ್ಲು ಹೊಡೆಯುವುದೂ ತಪ್ಪು. ಅದಕ್ಕೆ ಎಳೆಯ ಸಸಿಯೇ ಬೇಕು. ಹಾಗಾಗಿ ಬೀಜವನ್ನು ನೇರವಾಗಿ ಏರಿಗೆ ಹಾಕದೆ, ಮನೆಯ ಬಳಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸಸಿ ಮಾಡಿ, ನಾಲ್ಕೈದು ಎಲೆ ಬಂದ ಮೇಲೆ ದೋಣಿಯಲ್ಲಿ ಕೊಂಡುಹೋಗಿ ನೆಟ್ಟು, ಬಳ್ಳಿ ಚಪ್ಪರಕ್ಕೆ ಏರುವ ತನಕ ತೆಂಗಿನ ಮಡಲನ್ನು ಕಮಾನಿನಂತೆ ಬಾಗಿಸಿ ಮುಚ್ಚಿಡಿ. ಹರಿವೆಗೆ ಮಾತ್ರ ಬಲೆಯ ಹೊದಿಕೆ ಬೇಕೇಬೇಕು. ನರಿ ಕೂಡ ಮಾಗಿದ ಸೌತೆ, ಕಲ್ಲಂಗಡಿಗಳನ್ನು ಕಚ್ಚುತ್ತದೆ, ಆದರೆ ಅದು ಹೆಗ್ಗಣವನ್ನೂ ತಿನ್ನುವುದರಿಂದ ನಾನು ಅದರ ಮೇಲೆ ದೂರು ಹೇಳುವುದಿಲ್ಲ.

ಸಾವಯವದ ಕುರಿತು ಒಂದು ಮಾತು. ನಾನು ಇರುವುದು ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಪಂಚಾಯತಿನಲ್ಲಿ. 2000ದಲ್ಲಿ ಆ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನೇ ತಡೆಯಿತು, 2012ರಲ್ಲಿ ಜಿಲ್ಲೆಯನ್ನು ಸಾವಯವ ಎಂದು ಘೋಷಿಸಲಾಯಿತು. ಘೋಷಣೆಯಿಂದ ಬೆಳೆ ಸಾವಯವ ಆಗುವುದಿಲ್ಲವಾದರೂ, ಈ ಜಿಲ್ಲೆಯಲ್ಲಿ ವಿಷವಿಲ್ಲದ ತರಕಾರಿ ಎಂದರೆ ಕೊಳ್ಳುವವರು ಅರ್ಥ ಕೇಳುವುದಿಲ್ಲ, ಅವರಿಗೆ ಗೊತ್ತು.

ಪ್ರಶ್ನೆ ಮುಂದುವರಿಕೆ: ಕುದ್ರುಮನೆ

ಎಲ್ಲರಿಗೂ ಋಣಿ. ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ಕಾಂಡ್ಲದ ಮಾತನ್ನು ಬಿಟ್ಟು, ಏರಿಯ ಬದಿಯ ಪೊದೆಯನ್ನು ಮಾತ್ರ ಬಿಡಿಸುವುದಕ್ಕೆ ಒಪ್ಪಿದ್ದಾರೆ. ಇನ್ನೆರಡು ವಿಷಯ ಕೇಳಬೇಕಿತ್ತು. ಎದುರು ದಡದವರ ಹೀರೆ, ಕುಂಬಳದ ಬಳ್ಳಿಗಳು ಆಟಿಯಲ್ಲಿ ಚೆನ್ನಾಗಿ ಹೂ ಬಿಟ್ಟರೂ ಮಿಡಿಗಳು ಹಳದಿಯಾಗಿ ಉದುರುತ್ತವೆ. ಅದು ರೋಗವೇ? ಆಫ್ರಿಕನ್ ಬಸವನಹುಳು ಕುದ್ರುವಿನಲ್ಲಿ ಇನ್ನೂ ಕಾಣಿಸಿಲ್ಲ. ಬಾರದಂತೆ ತಡೆಯಲು ಸಾಧ್ಯವೇ?

ಉತ್ತರ: ಮುಜಂಟಿ

ರೋಗವಲ್ಲ ಅಕ್ಕ, ಹೆಚ್ಚಾಗಿ ಅದು ಪರಾಗ ಮುಟ್ಟದ ಮಿಡಿ. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಜಡಿಮಳೆಯಲ್ಲಿ ತುಡುವೆ ಜೇನೂ ಮುಜಂಟಿ ಜೇನೂ ಗೂಡು ಬಿಟ್ಟು ಹೊರಡುವುದಿಲ್ಲ, ಹೊರಟರೂ ಗಂಡು ಹೂವಿನ ಪುಡಿ ನೆನೆದು ಅಂಟಾಗಿರುತ್ತದೆ. ಆದ್ದರಿಂದ ಆ ಕೆಲಸವನ್ನು ನೀವೇ ಮಾಡಬೇಕು. ಕುಂಬಳ ಮತ್ತು ಸೌತೆಯ ಹೂ ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಹೀರೆ ಅರಳುವುದು ಸಂಜೆ, ಪಡುವಲದ ಜಾಲರಿ ಹೂ ಬಿಚ್ಚಿಕೊಳ್ಳುವುದು ಕತ್ತಲಾದ ಮೇಲೆ, ಅದಕ್ಕೆ ಬರುವುದು ರಾತ್ರಿಯ ಪತಂಗ. ಈ ಹೊತ್ತುಗಳನ್ನು ತಪ್ಪಿಸಿದರೆ ಪ್ರಯೋಜನವಿಲ್ಲ.

ಮುನ್ನಾದಿನವೇ ಬಿಚ್ಚಲು ಸಿದ್ಧವಾಗಿರುವ ಗಂಡು ಮೊಗ್ಗು ಮತ್ತು ಹೆಣ್ಣು ಮೊಗ್ಗುಗಳನ್ನು ಗುರುತಿಸಿ. ಹೆಣ್ಣಿನ ಹಿಂಭಾಗದಲ್ಲಿ ಬೆರಳ ತುದಿಯಷ್ಟು ಮಿಡಿ ಇರುತ್ತದೆ, ಗಂಡಿನದ್ದು ಬರಿಯ ತೊಟ್ಟು. ಎರಡಕ್ಕೂ ಅಡಕೆ ಹಾಳೆಯ ತುಂಡನ್ನು ಟೊಪ್ಪಿಯಂತೆ ಸಿಕ್ಕಿಸಿದರೆ ಒಳಗೆ ನೀರಿಳಿಯದು. ಮರುದಿನ ಗಂಡು ಹೂವನ್ನು ಕೊಯ್ದು, ದಳಗಳನ್ನು ಹಿಂದಕ್ಕೆ ಮಡಚಿ ಹರಿದು, ನಡುವಿನ ಕೇಸರವನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡಿ. ಹಳದಿ ಹುಡಿ ಅಂಟಿದರೆ ಒಣಗಿದೆ ಎಂದರ್ಥ. ಅದನ್ನು ಹೆಣ್ಣು ಹೂವಿನ ನಡುವಿನ ಮೂರು ಗುಬ್ಬಿಗಳಿಗೂ ಹಗುರವಾಗಿ ಸವರಿ, ಹಾಳೆಯ ಟೊಪ್ಪಿಯನ್ನು ಮತ್ತೆ ಇಡಿ. ಮೂರರಲ್ಲಿ ಒಂದಕ್ಕೆ ಮಾತ್ರ ಪುಡಿ ತಾಗಿದರೆ ಕಾಯಿ ಸೊಟ್ಟಗಾಗುವುದುಂಟು. ಕಾಯಿ ನಿಂತ ಮೇಲೆ ಕಾಯಿನೊಣದ ಕಾಟ ಶುರುವಾಗುತ್ತದೆ. ಹಾಗಲ ಮತ್ತು ಪಡುವಲಕ್ಕೆ ಕಾಯಿ ಎಳೆಯದಾಗಿರುವಾಗಲೇ ಕಾಗದದ ಚೀಲ ಕಟ್ಟಿ, ಕ್ಯೂಲೂರ್ ಎಂಬ ಆಕರ್ಷಕದ ಬೋನನ್ನು ಚಪ್ಪರಕ್ಕೆ ತೂಗುಹಾಕಿ. ಅದರಲ್ಲಿ ಬೀಳುವುದು ಗಂಡು ನೊಣ ಮಾತ್ರ, ಆದ್ದರಿಂದ ಕೊಳೆತ ಕಾಯಿಯನ್ನು ಹೆಕ್ಕಿ ನಾಶಮಾಡುವುದನ್ನು ಬಿಡುವಂತಿಲ್ಲ. ಅಲಸಂಡೆಯ ಕಪ್ಪು ಹೇನಿಗೆ, 1 ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಬಾರ್ ಸಾಬೂನು ಕದಡಿ ಮಳೆ ಬಿಟ್ಟ ಸಂಜೆ ಸಿಂಪಡಿಸಿದರೆ ಸಾಕು.

ಬಸವನಹುಳುವಿನ ವಿಷಯದಲ್ಲಿ ಕುದ್ರು ಆಗಿರುವುದು ನಿಮ್ಮ ಅದೃಷ್ಟ. ಅದು ಹೆಚ್ಚಾಗಿ ಹರಡುವುದು ಮಣ್ಣು, ಗೊಬ್ಬರ, ಸಸಿತೊಟ್ಟೆ, ಕಲ್ಲು, ಇಟ್ಟಿಗೆಗಳ ಜೊತೆಗೆ. ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಸಡಿಲ ಮಣ್ಣಿನೊಳಗೆ ಇಡುತ್ತದೆ. ನಸುಹಳದಿ ಬಣ್ಣದ, ಮೆಣಸುಕಾಳಿನಷ್ಟು ಗಾತ್ರದ ಗುಂಡುಗಳು. ದಡದಲ್ಲೇ ಗೊಬ್ಬರವನ್ನು ತಾಡಪಾಲಿನ ಮೇಲೆ ಹರವಿ ಬಿಸಿಲಿಗೆ ಒಣಗಿಸಿ, ಜಾಲಾಡಿ, ಆಮೇಲೆ ದೋಣಿಗೆ ಹೇರಿ. ಹೊರಗಿನ ನರ್ಸರಿಯ ಸಸಿ ತರಲೇಬೇಡಿ. ನೆರೆಯಲ್ಲಿ ತೇಲಿ ಬರುವ ಸಾಧ್ಯತೆ ಇದ್ದೇ ಇದೆ; ಹಾಗಾಗಿ ನೆರೆ ಇಳಿದ ಮೇಲೆ ಕೆಲವು ಸಂಜೆ ಒದ್ದೆ ಗೋಣಿಯ ಅಡಿಯಲ್ಲಿ ಪಪ್ಪಾಯಿ ಎಲೆ, ಕೋಸಿನ ಹೊರ ಎಲೆ ಇಟ್ಟು ಬೆಳಗ್ಗೆ ಎತ್ತಿ ನೋಡಿ. ಸಿಕ್ಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಿದುಳಿನ ಪೊರೆಯ ಉರಿಯೂತ ತರುವ ಜಂತು ಅದರಲ್ಲಿ ಇರಬಹುದು. ಕೈಗವಸು ಹಾಕಿ ಬಕೆಟಿನ ಉಪ್ಪುನೀರಿಗೆ ಹಾಕಿ. ಏರಿಯ ಸುತ್ತ ಉಪ್ಪು ಚೆಲ್ಲುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ, ನಿಮ್ಮ ಮಣ್ಣಿಗೆ ಇರುವ ಉಪ್ಪೇ ಸಾಲದೇ.

ಉತ್ತರ: ಹೊಳೆಬದಿ

ಬಿಟ್ಟುಹೋದ ಒಂದು ಮಾತನ್ನು ಸೇರಿಸುತ್ತೇನೆ. ಬಿಸು ಹಬ್ಬದ ಬೆಳಗ್ಗೆ ನೋಡುವ ಕಣಿಗೆ ಹೊಂಬಣ್ಣದ ಸೌತೆಯನ್ನು ಕೇಳಿಕೊಂಡು ಬರುವವರು ನಮ್ಮಲ್ಲಿ ಬಹಳ. ಜನವರಿ ಕೊನೆಯಲ್ಲಿ ಬೀಜ ಹಾಕಿದರೆ ಏಪ್ರಿಲ್ ಮಧ್ಯಕ್ಕೆ ಬಣ್ಣ ತಿರುಗಿರುತ್ತದೆ, ಬಾವಿ ಸವಳಾಗುವಷ್ಟರಲ್ಲಿ ಬಳ್ಳಿಯೂ ಊರಿರುತ್ತದೆ. ಮಾರಿ ಉಳಿದದ್ದನ್ನು ತೊಟ್ಟು ಸಮೇತ ಕೊಯ್ದು, ಗಾಯವಾಗದಂತೆ ಬಾಳೆನಾರಿನಲ್ಲಿ ಹೆಣೆದು ಗಾಳಿಯಾಡುವ ಮಾಡಿನ ಅಡಿಯಲ್ಲಿ ತೂಗುಹಾಕಿ. ಕುಂಬಳವನ್ನೂ ಹಾಗೆಯೇ ಇಡಬಹುದು. ಜುಲೈಯಲ್ಲಿ ಹೊಳೆ ತುಂಬಿ ದೋಣಿ ಇಳಿಸಲಾಗದ ವಾರಗಳಲ್ಲಿ ಗಿರಾಕಿಗಳಿಗೆ ಕೊಡಲು ದಡದ ಮನೆಯಲ್ಲಿ ಅದೇ ಇರುತ್ತದೆ. ಹಾಗಾಗಿ ದಾಸ್ತಾನನ್ನು ಪತ್ತನಾಜೆಯ ಮೊದಲೇ ಕುದ್ರುವಿನಿಂದ ಈಚೆಗೆ ಸಾಗಿಸಿಬಿಡಿ.